ಕಣಿವೆಯಾಚೆಯ ನಸುಗುನ್ನಿ

ಒಣಗಿದ ಹತ್ತು ನಸುಗುನ್ನಿ ಕಾಯಿ, ಮೇಲಿನ ರೋಮ ಉದುರಿರಬಾರದು. ಡಾಕ್ಟರಮ್ಮ ಕಾಡಿಗೆ ಹೊರಟಿದ್ದು ಇಷ್ಟಕ್ಕೇ. ಮುಟ್ಟಿದರೆ ಮೈಯೆಲ್ಲ ಕೆರೆಯುವ ಆ ಕಾಯಿಯಿಂದ ಜನ ಮಾರು ದೂರ ಓಡುತ್ತಾರೆ. ಇವರು ಅದನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಕಾರಣ ಮನೆಯಲ್ಲೇ ಇತ್ತು. ಸಾಕಿ ಬೆಳೆಸಿದ ಚಿಕ್ಕಮ್ಮ ಎರಡು ವರ್ಷದಿಂದ ಕೆರೆದುಕೊಂಡು ಕೆರೆದುಕೊಂಡು ಹೈರಾಣಾಗಿದ್ದರು. ಅಲರ್ಜಿ ಮಾತ್ರೆಗೆ ಆ ತುರಿಕೆ ಕ್ಯಾರೇ ಅನ್ನುತ್ತಿರಲಿಲ್ಲ. ಸೊಳ್ಳೆ ಕಚ್ಚಿದ ತುರಿಕೆ ಮಿದುಳಿಗೆ ಹೋಗುವ ದಾರಿ ಒಂದು, ನಸುಗುನ್ನಿಯದು ಇನ್ನೊಂದು. ಚಿಕ್ಕಮ್ಮನದೂ ಎರಡನೆಯದೇ ಎಂದು ಡಾಕ್ಟರಮ್ಮನ ಗುಮಾನಿ. ತಮ್ಮ ಲ್ಯಾಬಿನ ಹೊಸ ಮುಲಾಮು ಆ ದಾರಿಯನ್ನು ಮುಚ್ಚುತ್ತದೋ ಇಲ್ಲವೋ ನಸುಗುನ್ನಿಯಿಂದಲೇ ತುರಿಕೆ ಎಬ್ಬಿಸಿ ನೋಡಬೇಕು. ನೋಡದೆ ಚಿಕ್ಕಮ್ಮನಿಗೆ ಹಚ್ಚುವಂತಿರಲಿಲ್ಲ.

ಮುಂದೆ ದಾರಿ ಬಲ್ಲ ಜೇನುಗಾರ, ಹಿಂದೆ ಲ್ಯಾಬಿನ ಸಹಾಯಕ. ಕೊರಳಲ್ಲಿ ಸದಾ ಸ್ಟಾಪ್‌ವಾಚು ತೂಗುವುದರಿಂದ ಅವನಿಗೆ ಗಡಿಯಾರ ಎಂದೇ ಹೆಸರು. ಲ್ಯಾಬಿನ ನಿಯಮ ಸರಳ: ತುರಿಕೆ ಶುರುವಾದರೆ ವಾಚು ಒತ್ತಬೇಕು, ನಿಲ್ಲುವವರೆಗೆ ಕೆರೆಯಬಾರದು. ಬಿದಿರ ಮೆಳೆಗಳ ನಡುವೆ ಏರಿ, ಪಾಚಿಗಟ್ಟಿದ ಬಂಡೆ ಇಳಿದು ಸಾಗುವಾಗ ಜೇನುಗಾರ ಒಮ್ಮೆ ಗಡ್ಡ ಕೆರೆದುಕೊಂಡ. ಕಂಡದ್ದೇ ತಡ, ಹಿಂದಿನ ಇಬ್ಬರಿಗೂ ಗಲ್ಲದಲ್ಲಿ ನವೆಯೆದ್ದಿತು. ಆಕಳಿಕೆಯಂತೆ ಇದೂ ಅಂಟುತ್ತದೆ.

ಬಳ್ಳಿ ಇದ್ದದ್ದು ಕಣಿವೆಯಾಚೆ. ಸೇತುವೆಯೆಂದರೆ ಕಾಲಿಡಲೊಂದು ಹಗ್ಗ, ಕೈಯಲ್ಲಿ ಹಿಡಿಯಲೊಂದು ಹಗ್ಗ, ಕೆಳಗೆ ಭೋರ್ಗರೆಯುವ ಹೊಳೆ. ಡಾಕ್ಟರಮ್ಮ ಒಬ್ಬರೇ ದಾಟಿದರು, ಇಕ್ಕುಳದಿಂದ ಹತ್ತು ಕಾಯಿ ಕಿತ್ತು ಡಬ್ಬಿಗೆ ತುಂಬಿಕೊಂಡರು, ಮರಳಿ ಹಗ್ಗವೇರಿದರು.

ನಡುಹಗ್ಗದಲ್ಲಿ ಗಾಳಿ ಬೀಸಿತು. ತೋಳಿನ ಬಟ್ಟೆಗೆ ಅಂಟಿದ್ದ ರೋಮ ಹಾರಿ ಕುತ್ತಿಗೆಗೆ ಬಿತ್ತು.

ಬೆಳಿಗ್ಗೆಯೇ ಮಾತ್ರೆ ನುಂಗಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡರು. ಮರುಗಳಿಗೆ ಅದು ಅದೇ ಅಲರ್ಜಿ ಮಾತ್ರೆಯೆಂದು ನೆನಪಾಯಿತು. ನಸುಗುನ್ನಿಗೆ ಅದು ನಾಟುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದವರು ಅವರೇ.

ಕುತ್ತಿಗೆ ಉರಿದೆದ್ದಿತು. ಹಗ್ಗ ತೂಗಿತು. ದಡದಲ್ಲಿ ವಾಚು ಟಿಕ್ಕೆಂದಿತು.

"ಕೆರ್ಕೋಬೇಡಿ ಮೇಡಂ, ಟೈಮ್ ಒತ್ತಿದೀನಿ."

"ಕೈ ಬಿಟ್ರೆ ತಾನೇ ಕೆರ್ಕೊಳ್ಳೋದು!"

ಕೆರೆಯುವುದೆಂದರೆ ಸಣ್ಣ ನೋವು ಕೊಟ್ಟು ತುರಿಕೆಯ ಬಾಯಿ ಮುಚ್ಚಿಸುವುದು, ಅಷ್ಟೆ. ಕೈ ಇಲ್ಲದಿದ್ದರೇನು, ಹಲ್ಲಿದೆ. ಡಾಕ್ಟರಮ್ಮ ತುಟಿ ಕಚ್ಚಿದರು. ಒಂದು ಹೆಜ್ಜೆ. ಇನ್ನಷ್ಟು ಕಚ್ಚಿದರು. ಮತ್ತೊಂದು ಹೆಜ್ಜೆ. ಜೀವ ಬಾಯಿಗೆ ಬಂದಿತ್ತು. ಡಬ್ಬಿ ಮಾತ್ರ ಸೊಂಟದಲ್ಲಿ ಭದ್ರವಾಗಿತ್ತು.

ದಡ ಸೇರಿದೊಡನೆ ಜೇನುಗಾರ ಕುತ್ತಿಗೆಗೆ ಮೆತ್ತನೆಯ ಜೇನುಮೇಣ ಒತ್ತಿ, ರೋಮಸಮೇತ ಕಿತ್ತು ತೆಗೆದ. ಇನ್ನೆರಡು ನಿಮಿಷ ಬಿಟ್ಟಿದ್ದರೆ ಒಳ್ಳೆಯ ಅಳತೆ ಸಿಗುತ್ತಿತ್ತು ಎಂದು ಗಡಿಯಾರ ಗೊಣಗಿದ.

ಪರೀಕ್ಷೆಗಳೆಲ್ಲ ಮುಗಿದು ಚಿಕ್ಕಮ್ಮನಿಗೆ ಮುಲಾಮು ಹಚ್ಚುವ ಹೊತ್ತಿಗೆ ಏಳು ತಿಂಗಳಾಯಿತು. ಹಚ್ಚಲು ಶುರುಮಾಡಿದ ಮೂರನೆಯ ವಾರ ಮೂವರೂ ಅವರ ಮುಂದೆ ಕೂತು ಹಗ್ಗದ ಕತೆ ಹೇಳಿದರು. ಹೇಳುತ್ತ ಹೇಳುತ್ತ ಮೂವರ ಕೈಯೂ ಕುತ್ತಿಗೆಗೆ ಹೋಗಿತ್ತು.

"ಇದೇನ್ರೋ ನಿಮ್ಮ ಅವತಾರ? ನೋಡೋಕಾಗಲ್ಲ," ಎಂದರು ಚಿಕ್ಕಮ್ಮ. ಅವರ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಚಿಕ್ಕಮ್ಮ ಕೆರೆಯದೆ ಎಷ್ಟು ಹೊತ್ತು ಇರುತ್ತಾರೆಂದು ನೋಡಲು ಗಡಿಯಾರ ಬಂದಾಗಲೇ ವಾಚು ಒತ್ತಿದ್ದ. ಈಗ ನೋಡಿದರೆ ನಲವತ್ತು ನಿಮಿಷ ದಾಟಿತ್ತು. ಅಳತೆ ಬರೆದುಕೊಳ್ಳಲು ಬೆರಳು ಗುಂಡಿಗೆ ಹೋಯಿತು. ಡಾಕ್ಟರಮ್ಮ ಅವನ ಕೈ ಹಿಡಿದರು. ಕಣ್ಣು ತುಂಬಿತ್ತು.

"ನಿಲ್ಲಿಸ್ಬೇಡ. ಓಡ್ಲಿ ಬಿಡು."