ಷರಾ ಕಾಲಂ

ಸೋಮವಾರದ ಸಭೆಯಲ್ಲಿ ನಮ್ಮ ನಿರ್ದೇಶಕರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. "ಹೊಲಿಗೆ ಕೇಂದ್ರದ ಕಟ್ಟಡ. ತೊಂಬತ್ತೊಂಬತ್ತು ಪರ್ಸೆಂಟ್. ಷರಾ: ಬಾಗಿಲಿಗೆ ಹಸಿರು ಬಣ್ಣ ಬಳಿಸಿದ್ದೇನೆ. ನೀವು ಬಂದು ನೋಡುವವರೆಗೆ ಪೂರ್ಣ ಅನ್ನಿಸುವುದಿಲ್ಲ."

ಹದಿನಾಲ್ಕು ಜನರ ಕಣ್ಣು ನನ್ನ ಮೇಲೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಪ್ಪು ನನ್ನದೇ. ಆರ್ಥಿಕ ಪುನಶ್ಚೇತನ ಯೋಜನೆಯಲ್ಲಿ ಸರ್ಕಾರ ಎಲ್ಲೆಲ್ಲಿ ಏನೇನು ಕಟ್ಟಿಸುತ್ತಿದೆ, ಎಷ್ಟು ಮುಗಿಯಿತು ಎಂದು ವಾರವಾರ ಪಟ್ಟಿ ಮಾಡುವುದು ನನ್ನ ಕೆಲಸ. ಶುಕ್ರವಾರ ನಾನು ಫೋನ್ ಮಾಡುತ್ತೇನೆ, ಸೈಟ್ ಇಂಜಿನಿಯರುಗಳು ಫಾರಂ ತುಂಬಿ ಕಳಿಸುತ್ತಾರೆ. ಅದರ ಕೊನೆಯ ಕಾಲಂ ಷರಾ. ಎಲ್ಲರೂ ಅಲ್ಲಿ 'ಏನೂ ಇಲ್ಲ' ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ.

ಹೊಲಿಗೆ ಕೇಂದ್ರದ ಈ ಇಂಜಿನಿಯರ್ ಮಾತ್ರ ಬರೆಯುತ್ತಿದ್ದ. 'ಇವತ್ತು ಕಿಟಕಿ ಕೂರಿಸಿದೆವು. ಬೆಳಕು ನೇರ ಹೊಲಿಗೆ ಮೇಜಿನ ಮೇಲೇ ಬೀಳುತ್ತದೆ.' ಇನ್ನೊಂದು ವಾರ, 'ನಿಮಗೆ ನೆಗಡಿಯೇ? ದನಿ ಕೇಳಿ ಹಾಗನ್ನಿಸಿತು.'

ಎಂಟು ತಿಂಗಳು ಅದನ್ನೆಲ್ಲ ಅಳಿಸಿಯೇ ವರದಿ ಮೇಲಕ್ಕೆ ಕಳಿಸಿದ್ದೆ. ಅಳಿಸುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ ಅನ್ನುವುದು ಬೇರೆ ಮಾತು. ಈ ಸಲ ಬರೆದುಕೊಂಡೆ, ಅಳಿಸುವುದನ್ನು ಮರೆತೆ.

ನಿರ್ದೇಶಕರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು. "ಪಾಪ, ಸ್ಥಳ ಪರಿಶೀಲನೆ ಕೇಳಿದ್ದಾರೆ ಕಣಮ್ಮ. ನಾಳೆನೇ ಹೋಗಿ ಬಾ," ಅಂದರು.

ಮರುದಿನ ಸಿಟ್ಟು, ಸಂಕೋಚ ಎರಡನ್ನೂ ಹೊತ್ತುಕೊಂಡು ಬಸ್ಸಿಳಿದೆ. ಹಸಿರು ಬಾಗಿಲ ಮುಂದೆ ಅವನು ನಿಂತಿದ್ದ. ಫೋನಿನ ದನಿಗೆ ನಾನು ಕೊಟ್ಟುಕೊಂಡಿದ್ದ ಮುಖ ಇದಲ್ಲ. ಇದು ಅದಕ್ಕಿಂತ ಬಡಕಲು, ಕಿವಿಯ ಹತ್ತಿರ ಒಂದಿಷ್ಟು ಹಸಿರು ಬಣ್ಣ ಬೇರೆ. ಹಾಳಾದ್ದು, ಇದೇ ಇಷ್ಟವಾಯಿತು.

"ನೆಗಡಿ ಹೋಯ್ತಾ, ಮೇಡಂ?"

"ಅದು ಮಾರ್ಚ್ ತಿಂಗಳ ನೆಗಡಿ, ಇಂಜಿನಿಯರ್."

ಅವನು ನಗು ನುಂಗಿಕೊಂಡು ನೆಲ ನೋಡಿದ. ನಾನು ಕಟ್ಟಡ ನೋಡಿದೆ. ಸ್ವಿಚ್ಚು, ನಲ್ಲಿ, ಚಿಲಕ ಒಂದನ್ನೂ ಬಿಡಲಿಲ್ಲ. ಎಲ್ಲ ಮುಗಿದಿತ್ತು.

"ಆ ಒಂದು ಪರ್ಸೆಂಟ್ ಎಲ್ಲಿದೆ?"

ಅಷ್ಟರಲ್ಲಿ ರಸ್ತೆಯಾಚೆ ಟಾರ್ಪಾಲಿನ ಕೆಳಗೆ ಮಿಷನ್ ತುಳಿಯುತ್ತಿದ್ದ ಟೈಲರ್ ಅಕ್ಕ ಎದ್ದು ಬಂದಳು. "ಬೀಗದ ಕೈ ಯಾವಾಗ ಕೊಡ್ತೀರಮ್ಮ? ಹನ್ನೊಂದು ಜನ ಇದೀವಿ. ಈ ಬಿಸಿಲಲ್ಲಿ ಸೂಜಿ ಕಣ್ಣೂ ಕಾಣಲ್ಲ."

ಅವಳು ಅತ್ತ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ. "ಕೆಲಸ ಮುಗಿದು ಎರಡು ವಾರ ಆಯ್ತು. ಬಾಗಿಲಿಗೆ ಮತ್ತೆ ಮತ್ತೆ ಬಣ್ಣ ಬಳೀತಿರೋದು ಬರೀ ನೆವ. ಪೂರ್ಣ ಅಂತ ಬರೆದ್ರೆ ನಿಮ್ಮ ಪಟ್ಟಿಯಿಂದ ನನ್ನ ಸೈಟ್ ಹೋಗಿಬಿಡುತ್ತೆ. ಆಮೇಲೆ ಶುಕ್ರವಾರ ನಿಮ್ಮ ಫೋನ್ ಬರಲ್ಲ."

ಎದೆ ಕರಗಿತು. ಆದರೆ ಎದುರಿಗೆ ಆ ಟಾರ್ಪಾಲು ಕಾಣುತ್ತಿತ್ತು.

"ನನ್ನ ಒಂದು ಫೋನಿಗೋಸ್ಕರ ಅವರನ್ನ ಬಿಸಿಲಲ್ಲಿ ಕೂರಿಸಿದ್ರಾ?"

ಅವನ ಮುಖ ಕೆಂಪಾಯಿತು. "ತಪ್ಪಾಯ್ತು," ಅಂದ. ನೆಪ ಹೇಳಲಿಲ್ಲ. ಜೇಬಿನಿಂದ ಬೀಗದ ಕೈ ತೆಗೆದು ತಾನೇ ರಸ್ತೆ ದಾಟಿ ಹೋಗಿ ಅಕ್ಕನ ಕೈಗಿಟ್ಟ. ಎರಡು ವಾರದ ವಿಷಯವನ್ನೂ ಹೇಳಿದ. ಅಕ್ಕ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಕೈಕಟ್ಟಿ ನಿಂತು ಕೇಳಿಸಿಕೊಂಡ.

ನನಗೂ ಆ ಬೈಗುಳದಲ್ಲಿ ಪಾಲಿತ್ತು. ಬೇರೆ ಸೈಟಿನಲ್ಲಿ ಎರಡು ವಾರ ತೊಂಬತ್ತೊಂಬತ್ತೇ ಇದ್ದಿದ್ದರೆ ನಾನು ಜನ್ಮ ಜಾಲಾಡಿಬಿಡುತ್ತಿದ್ದೆ. ಇಲ್ಲಿ ಯಾಕೆ ಎಂದೂ ಕೇಳಿರಲಿಲ್ಲ. ಅವನು ವಾಪಸ್ ಬಂದಾಗ ಅದನ್ನು ಹೇಳಿಬಿಟ್ಟೆ. ನೋಟ್‌ಬುಕ್ಕಿನ ವಿಷಯವನ್ನೂ.

"ಎಲ್ಲಾ ಬರೆದಿಟ್ಟಿದೀರಾ?"

"ನೆಗಡಿದೂ ಸೇರಿ."

ಹೊಸ ಮೇಜಿನ ಮೇಲೆ ಫಾರಂ ಹರವಿ 'ಪೂರ್ಣ' ಎಂದು ಬರೆದೆ. ಇಬ್ಬರೂ ಸಹಿ ಹಾಕಿದೆವು. ಕಚೇರಿಯ ಪ್ರತಿಯ ಷರಾದಲ್ಲಿ 'ಏನೂ ಇಲ್ಲ' ಎಂದು ಬರೆದಾಗ ಅವನ ಮುಖ ಸಪ್ಪೆಯಾಯಿತು. ಆಮೇಲೆ ಅವನ ಪ್ರತಿಯನ್ನು ಎಳೆದುಕೊಂಡು ಅದೇ ಕಾಲಮ್ಮಿನಲ್ಲಿ ನನ್ನ ಮನೆಯ ಫೋನ್ ನಂಬರು ಬರೆದೆ. ಕೆಳಗೆ, 'ಇನ್ನು ನೀವೇ ಫೋನ್ ಮಾಡಿ. ಅಳಿಸುವುದಿಲ್ಲ.'

ಅವನು ಅದನ್ನು ಎರಡು ಸಲ ಓದಿದ. ಹಿಂದೆ ಅಕ್ಕ ಮತ್ತು ಜೊತೆಯವರು ಮಿಷನ್ನುಗಳನ್ನು ಒಳಗೆ ತರುತ್ತಿದ್ದರು.

"ಶುಕ್ರವಾರದವರೆಗೂ ಕಾಯ್ಬೇಕಾ?" ಅಂತ ಕೇಳಿದ.

"ನಿಮಗೆ ತಡ ಮಾಡೋದು ಅಭ್ಯಾಸ ಆಗಿಬಿಟ್ಟಿದೆ," ಅಂದೆ. "ಇವತ್ತೇ ಮಾಡಿ."