ಗಣಪನ ದೋಣಿ ಪ್ರಯಾಣ

"ಜಾನ್ವಿ, ಆ ಡಬ್ಬೀಲಿ ಏನಿದೆ? ಲಂಚ್ ನನ್ನ ಬ್ಯಾಗಲ್ಲಿದೆಯಲ್ಲಾ," ಎಂದರು ಅಮ್ಮ.

"ನಥಿಂಗ್, ಅಮ್ಮಾ." ಜಾನ್ವಿ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ದೋಣಿಯ ಬೆಂಚಿನ ತುದಿಗೆ ಸರಿದಳು.

ಒಳಗಿದ್ದವನು ಗಣಪ. ಹಬ್ಬಕ್ಕೆಂದು ಅವಳೇ ಜೇಡಿಮಣ್ಣಿನಲ್ಲಿ ಮಾಡಿದ್ದು. ಒಂದು ಕಿವಿ ದೊಡ್ಡದು, ಇನ್ನೊಂದು ಚಿಕ್ಕದು, ಹೊಟ್ಟೆ ಮಾತ್ರ ಭರ್ಜರಿ. ಶಿಕಾಗೋ ಬಳಿಯ ಬೋಲಿಂಗ್‌ಬ್ರೂಕಿನ ಅವರ ಮನೆಯಲ್ಲಿ ಪ್ರತಿ ವರ್ಷ ಗಣಪನನ್ನು ಬಿಡುವುದು ಗರಾಜಿನ ಕಿತ್ತಳೆ ಬಣ್ಣದ ಬಕೆಟ್ಟಿನಲ್ಲಿ. ಇವತ್ತು ಸಂಜೆಯೂ ಅದರಲ್ಲೇ. ಕಾರು ತೊಳೆಯುವ ಬಕೆಟ್ಟಿನಿಂದ ಪಾಪ, ಅವನು ತನ್ನ ಅಮ್ಮನ ಹತ್ತಿರ ಹೋಗುವುದಾದರೂ ಹೇಗೆ? ಜಾನ್ವಿಗೆ ಅದೇ ಚಿಂತೆ. ಅದಕ್ಕೇ ಯಾರಿಗೂ ಹೇಳದೆ ಅವನನ್ನು ಈ ಹಳೆಯ ಕಾಲುವೆಗೆ ಕರೆತಂದಿದ್ದಳು.

ದೋಣಿ ಹೊರಟದ್ದೇ ಗೊತ್ತಾಗಲಿಲ್ಲ. ಇಂಜಿನ್ ಇಲ್ಲ, ಸದ್ದಿಲ್ಲ. ದಡದ ಮೇಲೆ ಒಂದು ಹೇಸರಗತ್ತೆ ಉದ್ದನೆಯ ಹಗ್ಗ ಎಳೆಯುತ್ತಾ ನಡೆಯುತ್ತಿತ್ತು. ದೋಣಿ ಅದರ ಹಿಂದೆ ಬರುತ್ತಿತ್ತು, ಅಷ್ಟೇ. ಯಾರಿಗೂ ಅವಸರವಿರಲಿಲ್ಲ. ಮರಗಳು ಮೆಲ್ಲಗೆ ಹಿಂದೆ ಸರಿದವು. ದಿಮ್ಮಿಯ ಮೇಲೆ ಆಮೆಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಅಪ್ಪ ಫೋನ್ ಮರೆತು ತೂಕಡಿಸಿದರು.

ಜಾನ್ವಿ ಮುಚ್ಚಳ ಸ್ವಲ್ಪ ತೆರೆದಳು. ಅವನೂ ನೋಡಲಿ.

ಆಮೇಲೆ ದೋಣಿಯಲ್ಲಿದ್ದ ಗೈಡ್ ಆಂಟಿಯನ್ನು ಕೇಳಿದಳು, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು.

ಹಿಂದೆ ದೋಣಿಗಳು ಇಲ್ಲಿಂದ ಶಿಕಾಗೋವರೆಗೂ ಹೋಗುತ್ತಿದ್ದವಂತೆ. ಈಗ ಕಾಲುವೆ ಅಲ್ಲಲ್ಲಿ ಮುಚ್ಚಿಹೋಗಿದೆ, ಈ ನೀರು ಎಲ್ಲಿಗೂ ಹೋಗುವುದಿಲ್ಲ ಎಂದರು ಆಂಟಿ.

ಜಾನ್ವಿಯ ಕಣ್ಣು ತುಂಬಿ ಬಂತು. ಡಬ್ಬಿಯೊಳಗೆ ಬಗ್ಗಿ ನೋಡಿದ ಅಮ್ಮ ಬೆಚ್ಚಿದರು.

"ಇವನನ್ನ ಇಲ್ಲಿಗ್ಯಾಕೆ ತಂದೆ?"

"ಬಕೆಟ್ಟಿಂದ ಅವನು ಎಲ್ಲಿಗೂ ಹೋಗಕ್ಕಾಗಲ್ಲ ಅಮ್ಮಾ. ಇಲ್ಲಿಂದನೂ ಆಗಲ್ಲ. ಇಟ್ಸ್ ನಾಟ್ ಫೇರ್."

ಅಮ್ಮ ಬೈಯಲಿಲ್ಲ. ಗಣಪನನ್ನು ಎತ್ತಿ ದೋಣಿಯ ಅಂಚಿನ ಹಲಗೆಯ ಮೇಲೆ ಕೂರಿಸಿ, ಬೀಳದಂತೆ ಹಿಡಿದುಕೊಂಡರು. ದಾರಿಯುದ್ದಕ್ಕೂ ಅವನು ಅಲ್ಲೇ ಕೂತು ಆಮೆಗಳನ್ನೂ ಹೇಸರಗತ್ತೆಯ ಬಾಲವನ್ನೂ ನೋಡಿದ. ಜಾನ್ವಿಯೂ ಅವನ ಪಕ್ಕದಲ್ಲೇ ಗಲ್ಲ ಊರಿ ನೋಡಿದಳು.

ಸಂಜೆ ಅಪ್ಪ ಬಕೆಟ್ಟಿಗೆ ನೀರು ತುಂಬಿಸಿದರು. ಆದರೆ ಗಣಪ ಎಲ್ಲಿ?

ಜಾನ್ವಿ ಅವನನ್ನು ತನ್ನ ಪುಟ್ಟ ಕೆಂಪು ಗಾಡಿಯಲ್ಲಿ ಕೂರಿಸಿ, ಹಗ್ಗ ಹಿಡಿದು ಮನೆಯ ಸುತ್ತ ಎಳೆಯುತ್ತಿದ್ದಳು. ಹೇಸರಗತ್ತೆಯಷ್ಟೇ ನಿಧಾನ. ಮೇಪಲ್ ಮರದ ಕೆಳಗೆ ಸ್ವಲ್ಪ ಹೊತ್ತು, ಮೇಲ್‌ಬಾಕ್ಸ್ ಮುಂದೆ ಸ್ವಲ್ಪ ಹೊತ್ತು ನಿಂತಳು.

"ಬೇಗ ಬಾರೇ, ಕತ್ತಲಾಗತ್ತೆ," ಎಂದರು ಅಪ್ಪ.

"ಇರು ಅಪ್ಪಾ. ಮುಂದಿನ ವರ್ಷ ಬರಕ್ಕೆ ಅವನಿಗೆ ದಾರಿ ಗೊತ್ತಿರ್ಬೇಕಲ್ವಾ?"

ಸುತ್ತು ಮುಗಿದ ಮೇಲೆ ಅವಳೇ ಗಣಪನನ್ನು ನೀರಿಗೆ ಬಿಟ್ಟಳು. ದೊಡ್ಡ ಕಿವಿ ಮೊದಲು ಕರಗಿತು. ಈ ಸಲ ಅವಳಿಗೆ ಬಕೆಟ್ಟು ಅಷ್ಟು ಚಿಕ್ಕದೆನಿಸಲಿಲ್ಲ.