ಹೊಲಿದವಳ ಜೊತೆ ಹೊಳೆಯಲ್ಲಿ

ತಾನು ಹೊಲಿದ ಲೈಫ್ ಜಾಕೆಟ್ಟಿನ ಮೇಲೆ ಒಬ್ಬ ಗಂಡಸು ಆರಾಮಾಗಿ ಕೂತು ಚಹಾ ಕುಡಿಯುತ್ತಿರುವುದನ್ನು ಕಂಡು ಋತುಜಾಳ ಕಿವಿ ಕೆಂಪಾದವು.

ಡಿಸೆಂಬರಿನ ಬೆಳಗು. ಮಿರಜದ ಕೃಷ್ಣಾ ಘಾಟಿನಲ್ಲಿ ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಅವಳು ಹೊಲಿಗೆ ವಿಭಾಗದ ಸೂಪರ್‌ವೈಸರ್. ಇಲ್ಲಿಯ ಮೀನುಗಾರರಿಗೆ ಒಂದು ಸಂಸ್ಥೆ ಹಂಚಿದ್ದ ಜಾಕೆಟ್‌ಗಳೆಲ್ಲ ಅವಳ ಕೈಯಲ್ಲೇ ತಯಾರಾಗಿದ್ದವು. ಅವು ಹೇಗೆ ಬಳಕೆಯಾಗುತ್ತಿವೆ ನೋಡಿ ಬಾ ಎಂದು ಮಾಲೀಕರು ಕಳಿಸಿದ್ದರು.

“ಏಳ್ರಿ,” ಎಂದಳು.

“ಯಾಕ್ರಿ?”

“ನೀವು ಕುಂತದ್ದು ಗಾದಿ ಅಲ್ಲ.”

“ಗಾದಿಗಿಂತ ಮೆತ್ತಗ ಐತ್ರಿ.” ಅವನು ನಕ್ಕ. “ಸಂಸ್ಥಾದವ್ರೇನು? ಫೋಟೋ ತಗೀಬೇಕಂದ್ರ ಹಾಕ್ಕೋತೀನಿ. ಫೋಟೋ ಆದ ಮ್ಯಾಲ ಕಳೀತೀನಿ.”

“ನಾ ಫೋಟೋದಾಕಿ ಅಲ್ಲ. ಅದನ್ನ ಹೊಲಿದಾಕಿ.”

ಅವನ ನಗು ಅಲ್ಲೇ ನಿಂತಿತು. ಎದ್ದು, ಜಾಕೆಟ್ಟಿಗೆ ಹತ್ತಿದ್ದ ಮರಳನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ. ಆ ಒರೆಸುವಿಕೆಗೆ ಋತುಜಾಳ ಸಿಟ್ಟು ಅರ್ಧ ಇಳಿಯಿತು. ಹೆಸರು ಕೇಳಿದರೆ ಸಂಘರ್ಷ ಎಂದ.

“ಯಾರ ಜೋಡಿ?” ಎಂದುಬಿಟ್ಟಳು.

“ಇಲ್ಲೀತನಕಾ ಮೀನಿನ ಜೋಡಿ.”

ನಗು ಬಂದದ್ದನ್ನು ಅವಳು ಶಾಲಿನಲ್ಲಿ ಮುಚ್ಚಿಕೊಂಡಳು. “ಈಜು ಬರ್ತೈತಿ ಅಂತ ಹಾಕ್ಕೊಳ್ಳಂಗಿಲ್ಲೇನು? ಈ ಚಳಿಯಾಗ ನೀರಿಗೆ ಬಿದ್ರ ಮದಲ ಉಸರು ಹಿಡೀತೈತಿ. ಆಮ್ಯಾಲ ಕೈ ಮರಗಟ್ಟತಾವು. ಈಜು ಏನ್ ಮಾಡ್ತೈತಿ?”

“ಈಜಿನ ಮಾತಲ್ರಿ. ನಂದು ಒಬ್ಬನ ಕುಂದ್ರೂವಷ್ಟ ಸಣ್ಣ ಡೋಣಿ. ಇದು ಬಗಲಾಗ ಹಿಡೀತೈತಿ, ಬಲಿ ಜಗ್ಗಾಕ ಬರಂಗಿಲ್ಲ. ಬಕ್ಕಲ್‌ನ್ಯಾಗ ಬಲಿ ಸಿಕ್ಕೋತೈತಿ. ಹಾಕ್ಕೊಂಡು ನೋಡಿದ ಮ್ಯಾಲ ಬಿಟ್ಟೇನಿ.”

ಇದು ಹಟವಲ್ಲ, ಹೊಲಿಗೆಯ ತಪ್ಪು. ಕಾರ್ಖಾನೆಯಲ್ಲಿ ಯಾರೂ ಬಲೆ ಎಳೆದವರಲ್ಲ. ಋತುಜಾ ಜಾಕೆಟ್ಟನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡಳು. “ರವಿವಾರ ಬರ್ತೀನಿ,” ಎಂದಳು.

ಬಂದಳು. ಒಂದಲ್ಲ, ಐದು ರವಿವಾರ. ಮನೆಯಿರುವ ಮಾಧವನಗರದಿಂದ ಶೇರ್ ಆಟೋ ಹಿಡಿದು, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು. ಜಾಕೆಟ್ಟನ್ನು ತೋಳಿನ ಕಡೆ ಅಗಲಿಸಿದಳು. ಬಕ್ಕಲಿನ ಮೇಲೆ ಬಟ್ಟೆಯ ಪಟ್ಟಿ ಮುಚ್ಚಿದಳು. ಹೆಗಲಿನ ಅಳತೆ ತೆಗೆಯುವಾಗ ಅವನು ಕಲ್ಲಿನಂತೆ ನಿಂತಿರುತ್ತಿದ್ದ.

“ಉಸರು ಬಿಡ್ರಿ. ಅಳತಿ ತಪ್ಪತೈತಿ.”

“ಬಿಟ್ಟೇನಲ್ರಿ.”

“ಇಲ್ಲ. ಬಿಟ್ಟಿಲ್ಲ.”

ಪಕ್ಕದ ಡೋಣಿಯಲ್ಲಿ ಬಲೆ ಬಿಡಿಸುತ್ತಿದ್ದ ರಾವಸಾಬ ಕಾಕಾ ಕೆಮ್ಮಿದರು. “ಇವತ್ತ ಅಳತಿ. ನಾಳಿ ಸೂಟು. ನಾಡದು ಬ್ಯಾಂಡು.”

ನಾಲ್ಕನೆಯ ರವಿವಾರ ಸಂಘರ್ಷ ಕಾಲರ್ ಚುಚ್ಚುತ್ತದೆ ಎಂದ. ಋತುಜಾ ಅಲ್ಲಿ ಬೆರಳಾಡಿಸಿದಳು. ಚುಚ್ಚುವಂಥ ಹೊಲಿಗೆಯೇ ಅಲ್ಲಿರಲಿಲ್ಲ. ಅವನ ಮುಖ ನೋಡಿದರೆ, ಅವನು ಹೊಳೆ ನೋಡುತ್ತಿದ್ದ.

“ಭಾಳ ಚುಚ್ಚತೈತೇನು?” ಎಂದು ಕೇಳಿದಳು.

“ಬರೋ ವಾರ ಮತ್ತೊಮ್ಮೆ ನೋಡಬೇಕಾಗ್ತೈತಿ,” ಎಂದ, ಅತ್ತ ತಿರುಗಿಯೇ.

ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಹೊರಟಳು. ಆಟೋದಲ್ಲಿ ಕೂತವಳು ಮಾಧವನಗರ ಬರುವವರೆಗೂ ನಗುತ್ತಲೇ ಇದ್ದಳು.

ಮನೆಯಲ್ಲಿ ಮಾತ್ರ ನಗು ನಡೆಯಲಿಲ್ಲ. ತಾಯಿ ಕುಂದಾ ರೊಟ್ಟಿ ಬಡಿಯುತ್ತ ಅಂದಳು: “ರವಿವಾರ ಯಾವ ಕಾರ್ಖಾನಿ ಇರ್ತೈತಿ ನನಗ ಗೊತ್ತೈತಿ. ಹೊಳಿ ನಂಬಿದವ್ರ ಮನಿಗೆ ನಿನ್ನ ಕೊಡಂಗಿಲ್ಲ. ದಿನಾ ಮುಂಜಾನೆ ಜೀವ ಕೈಯಾಗ ಹಿಡ್ಕೊಂಡು ಕುಂದ್ರಬೇಕಾಗ್ತೈತಿ.”

ಆ ಮಾತು ಸುಳ್ಳಾಗಿರಲಿಲ್ಲ. ಅದಕ್ಕೇ ಋತುಜಾಳಿಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಆರನೆಯ ರವಿವಾರಕ್ಕೆ ಅವಳು ಎರಡು ಜಾಕೆಟ್ ತಂದಳು.

“ನಾನೂ ಡೋಣ್ಯಾಗ ಬರ್ತೀನಿ. ನೀವು ಇದನ್ನ ಹಾಕ್ಕೊಂಡು ಬಲಿ ಜಗ್ಗೂದು ನನ್ನ ಕಣ್ಲೆ ನೋಡಬೇಕು.”

“ನಿಮಗ ಈಜು ಬರ್ತೈತೇನು?”

“ಇಲ್ಲ. ನನ್ನ ಹೊಲಿಗಿ ಮ್ಯಾಲ ನಂಬಿಕಿ ಐತಿ.”

ಒಬ್ಬರ ಡೋಣಿ ಬಿಟ್ಟು, ಇಬ್ಬರು ಕೂರುವ ಡೋಣಿಯನ್ನು ಅವನು ಕಾಕಾನಿಂದ ಕೇಳಿ ತಂದ. ತನ್ನ ಬಕ್ಕಲ್ ಹಾಕಿಕೊಳ್ಳುವ ಮೊದಲು ಅವಳ ಬಕ್ಕಲ್ ಎರಡು ಸಲ ಜಗ್ಗಿ ನೋಡಿದ.

ನಡುಹೊಳೆಯಲ್ಲಿ ಅವನು ಬಲೆ ಎಳೆಯತೊಡಗಿದ. ತೋಳು ಸಲೀಸಾಗಿ ಆಡಿದವು, ಬಕ್ಕಲಿಗೆ ಬಲೆಯ ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. “ನೋಡ್ರಿ ಈಗ,” ಎಂದು ಅವನು ಹೆಮ್ಮೆಯಿಂದ ತಿರುಗಿದ. ಅಷ್ಟರಲ್ಲಿ ಬಲೆ ನೀರೊಳಗಿನ ಜಾಲಿ ಮರದ ಬೊಡ್ಡೆಗೆ ಸಿಕ್ಕಿತು. ಅವನು ಬಾಗಿ ಜಗ್ಗಿದ. ಡೋಣಿ ಒಂದೇ ಸಲಕ್ಕೆ ಮಗುಚಿತು.

ನೀರಿನ ಚಳಿ ಎದೆಗೆ ಗುದ್ದಿದಂತಿತ್ತು. ಮೇಲೆ ತೇಲಿ ಬಂದ ಋತುಜಾ ಕಣ್ಣು ಬಿಟ್ಟರೆ, ಎರಡು ಮಾರು ದೂರದಲ್ಲಿ ಸಂಘರ್ಷ ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದ. ಹುಟ್ಟಿದಾಗಿಂದ ಈ ಹೊಳೆಯಲ್ಲಿ ಈಜಿದವನು. ಅವಳತ್ತ ಬರಬೇಕೆಂದು ಕೈ ಬಡಿಯುತ್ತಿದ್ದ, ಕಾಲಿಗೆ ಬಲೆ ಸುತ್ತಿಕೊಳ್ಳುತ್ತಿತ್ತು.

“ಸಂಘರ್ಷ, ಈಜಬ್ಯಾಡ. ನನ್ನ ಕಡೆ ನೋಡು. ಕಾಲು ಆಡಸಬ್ಯಾಡ, ಸುಮ್ನ ತೇಲು. ನಾ ಆರಾಮ ಅದೇನಿ. ಉಸರು ಮೆಲ್ಲಕ ಬಿಡು.”

ಅವನು ಕೇಳಿದ. ಜಾಕೆಟ್ ಅವನ ತಲೆಯನ್ನು ಎತ್ತಿ ಹಿಡಿಯಿತು. ಉಸಿರು ತಹಬಂದಿಗೆ ಬಂತು. ಬಲೆಯನ್ನು ಕಾಲಿನಿಂದ ಮೆಲ್ಲಗೆ ಜಾರಿಸಿ, ಮಗುಚಿದ ಡೋಣಿಯ ಒಂದು ಬದಿಗೆ ಅವನು ಬಂದ, ಇನ್ನೊಂದು ಬದಿಗೆ ಜಾಕೆಟ್ಟಿನಲ್ಲಿ ತೇಲುತ್ತ, ಕೈ ಆಡಿಸುತ್ತ ಅವಳು. ಅವನ ಬೆರಳು ಮರಗಟ್ಟಿ ಹಿಡಿತ ಸಿಗುತ್ತಿರಲಿಲ್ಲ. ಅವಳು ಡೋಣಿಯ ಮೇಲಿಂದ ಅವನ ಮಣಿಕಟ್ಟನ್ನು ಹಿಡಿದಳು. ರಾವಸಾಬ ಕಾಕಾ ದಂಡೆಯಿಂದ ಇನ್ನೊಂದು ಡೋಣಿ ತರುವವರೆಗೂ ಬಿಡಲಿಲ್ಲ.

ದಂಡೆಯಲ್ಲಿ ಕಾಕಾ ಕಬ್ಬಿನ ರವದಿಯ ಒಣ ಗರಿಗಳನ್ನು ಉರಿಸಿ, ಇಬ್ಬರಿಗೂ ಕಂಬಳಿ ಕೊಟ್ಟು, ಬಲೆ ನೋಡುವ ನೆಪದಲ್ಲಿ ದೂರ ಹೋದರು. ಇಬ್ಬರೂ ಹಲ್ಲು ಕಟಕಟಿಸುತ್ತ ಬೆಂಕಿಗೆ ಕೈ ಚಾಚಿದರು.

“ನೀರಾಗ ನನಗ ನೀ ಅಂದಿ,” ಎಂದ ಸಂಘರ್ಷ.

“ರೀ ಅನ್ನಾಕ ಉಸರು ಇರಲಿಲ್ಲ.”

“ಈಗ ಉಸರು ಐತಲ್ಲ?”

“ಐತಿ.” ಅವಳು ಬೆಂಕಿ ನೋಡಿದಳು. “ಆದ್ರೂ ನೀನ. ಇನ್ನ ಮುಂದ ಅಷ್ಟ.”

ಅವನು ಅವಳ ಕೆನ್ನೆಗಂಟಿದ ಒದ್ದೆ ಕೂದಲನ್ನು ಸರಿಸಿದ. “ನಾ ಹೊಳಿ ಬಿಡಂಗಿಲ್ಲ, ಋತುಜಾ. ಸುಳ್ಳು ಹೇಳಂಗಿಲ್ಲ. ನಿನ್ನೂ ಬಿಡಂಗಿಲ್ಲ.”

“ಹಂಗಿದ್ರ ಏಳು. ನಮ್ಮ ಮನಿಗೆ ಬಾ.”

“ಈ ಮೈಮ್ಯಾಲಿನ ಹಸಿ ಅರವ್ಯಾಗ?”

“ಹಸಿ ಅರವ್ಯಾಗ. ಏನೇನಾತು ಎಲ್ಲಾ ಹೇಳೂಣು. ಒಂದೂ ಮುಚ್ಚೂದು ಬ್ಯಾಡ.”

ಕುಂದಾ ಬಾಗಿಲು ತೆರೆದು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ. ಒಳಗೆ ಕರೆದು, ಅರಿಸಿನದ ಹಾಲು ಕಾಸಿ, ಪೂರ್ತಿ ಸಂಗತಿ ಕೇಳಿದಳು. ಋತುಜಾ ಒಂದನ್ನೂ ಬಿಡದೆ ಹೇಳಿದಳು.

“ಹಂಗಾರ ನಿನ್ನ ಉಳಿಸಿದಾಕಿ ಈಕಿ?” ಕುಂದಾ ಅವನನ್ನೇ ಕೇಳಿದಳು.

“ಹೌದ್ರಿ. ಎಲ್ಲಾರ ಮುಂದೂ ಹೇಳ್ತೀನಿ.”

“ಈಕಿಗೆ ಈಜೂ ಬರಂಗಿಲ್ಲ.”

“ನಾ ಕಲಸ್ತೀನ್ರಿ. ಬ್ಯಾಸಗ್ಯಾಗ, ನೀರು ಬೆಚ್ಚಗಾದ ಮ್ಯಾಲ.”

ಕುಂದಾ ಮಗಳ ಖಾಲಿ ಲೋಟ ಎತ್ತಿಕೊಂಡಳು. “ಹೊಳಿ ಅಂಜಿಕಿ ಹೋಗಂಗಿಲ್ಲ, ಆದ್ರ ನೀ ಖರೇ ಹೇಳ್ದಿ. ಬ್ಯಾಸಗಿಗಿಂತ ಮದಲ ಲಗ್ನಾ ಆಗಬೇಕು,” ಎಂದಳು. “ಇಲ್ಲಂದ್ರ ಜನಾ ಏನಂದಾರು?”

ಅವಳು ಅಡುಗೆಮನೆಗೆ ಹೋದಳು. ಸಂಘರ್ಷ ಹಾಲಿನ ಲೋಟವನ್ನು ಹಾಗೆಯೇ ಹಿಡಿದು ಕೂತಿದ್ದ. ಋತುಜಾ ನಾಚಿ ತಲೆ ತಗ್ಗಿಸಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲೇ ಕೂತಳು.